ಬೆಂಗಳೂರಿನ ಬೇಸಿಗೆಗೆ ಕೋಳಿಗೂಡು: ಡಬ್ಬ ಬೇಡ, ಚಪ್ಪರ ಕಟ್ಟಿ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕೋಣ ಅಂತ ಹೊರಟವರು ಮೊದಲು ಮಾಡುವ ಕೆಲಸ ಫೋನಿನಲ್ಲಿ ಗೂಡಿನ ಫೋಟೋ ಹುಡುಕುವುದು. ಸಿಗುವುದೆಲ್ಲ ಚೆಂದದ ಮರದ ಪುಟ್ಟ ಮನೆಗಳು. ನಾಲ್ಕೂ ಕಡೆ ಹಲಗೆ, ಅಂಗೈ ಅಗಲದ ಕಿಟಕಿ, ಬಿಗಿಯಾಗಿ ಮುಚ್ಚುವ ಬಾಗಿಲು. ಅವು ಹಿಮ ಬೀಳುವ ದೇಶದ ಗೂಡುಗಳು. ಕೋಳಿಯ ಮೈಬಿಸಿ ಹೊರಗೆ ಹೋಗದ ಹಾಗೆ ಹಿಡಿದಿಡಲು ಕಟ್ಟಿದವು. ಅದನ್ನೇ ಬಡಗಿಗೆ ತೋರಿಸಿ ಇಲ್ಲಿ ಮಾಡಿಸಿದರೆ ಮಾರ್ಚ್ ಬರುವ ಹೊತ್ತಿಗೆ ಅದು ಒಲೆಯಾಗುತ್ತದೆ.

ನಮಗೆ ಬೇಕಾದದ್ದು ಬೇರೆ. ಮೇಲೆ ದಪ್ಪ ನೆರಳು, ಸುತ್ತ ಜಾಲರಿ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗುವ ದಾರಿ. ಒಂದು ಗಟ್ಟಿ ಚಪ್ಪರ, ಅಷ್ಟೇ. ಆರು ಹೇಂಟೆಗಳಿಗೆ ಅಂಥ ಚಪ್ಪರವನ್ನು ಹೇಗೆ ಕಟ್ಟುವುದು ಅಂತ ಇಲ್ಲಿ ಹೇಳುತ್ತೇನೆ. ಕೋಳಿ ಹೆಚ್ಚಿದ್ದರೆ ಅಳತೆಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳಿ.

ಕೋಳಿ ಬೆವರುವುದಿಲ್ಲ

ಗೂಡಿನ ಒಂದೊಂದು ತೀರ್ಮಾನವೂ ಈ ಒಂದು ಸಂಗತಿಯಿಂದ ಹುಟ್ಟುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಆರೋಗ್ಯವಾಗಿರುವಾಗಲೂ ಅದರ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅದಕ್ಕೆ ಹಿತವಾಗುವುದು 18ರಿಂದ 24 ಡಿಗ್ರಿಯ ಹವೆ. 30 ದಾಟಿದರೆ ಕಷ್ಟ ಶುರು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ, ಗಂಟಲು ಪಟಪಟ ಅಂತ ಅದುರುತ್ತದೆ. ಉಸಿರಿನಲ್ಲಿ ಹೋಗುವ ತೇವವೇ ಅದಕ್ಕೆ ತಂಪು. ಉಳಿದದ್ದು ಜುಟ್ಟು, ಗಲ್ಲದ ಜೋಲು, ಪುಕ್ಕವಿಲ್ಲದ ಕಾಲುಗಳಿಂದ ಹೊರಹೋಗಬೇಕು.

ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಲು ಈ ಏದುಸಿರೂ ಒಂದು ಕಾರಣ. ಜಾಸ್ತಿ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಚಿಪ್ಪು ಕಟ್ಟಲು ಅದು ಬೇಕೇ ಬೇಕು. ಜೊತೆಗೆ ಕೋಳಿ ಮೇವನ್ನೂ ಕಡಿಮೆ ತಿನ್ನುತ್ತದೆ. ಸುಣ್ಣದ ಅಂಶ ಸಾಲದು ಅಂತ ಚಿಪ್ಪಿನ ಪುಡಿ ಸುರಿಯುವ ಮೊದಲು ಗೂಡಿನ ಬಿಸಿಯನ್ನು ನೋಡಿ.

ಬೆಂಗಳೂರು ತಂಪು ಊರು ಅಂತ ಹೆಸರು ಪಡೆದಿರಬಹುದು. 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ 39.2 ಡಿಗ್ರಿ ದಾಖಲಾಗಿದೆ. ಆದರೂ ನಮಗೆ ಎರಡು ಅನುಕೂಲಗಳಿವೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ರಾತ್ರಿ ಹವೆ ಇಳಿಯುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳು ಒಣ. ಒಣ ಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ಮಂಗಳೂರಿನ ಜಿಗಿಜಿಗಿ ಸೆಕೆಯಲ್ಲಿ ಅಷ್ಟಾಗಿ ಕೆಲಸ ಮಾಡದ ಒದ್ದೆ ಗೋಣಿಚೀಲ ಇಲ್ಲಿ ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ.

ಮೊದಲು ಜಾಗ ಆರಿಸಿ

ಒಂದು ರಜೆಯ ದಿನ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ನಾಲ್ಕಕ್ಕೆ ಹಿತ್ತಲಿಗೆ ಹೋಗಿ ನೆರಳು ಎಲ್ಲಿ ಬಿದ್ದಿದೆ ನೋಡಿ. ಸುಣ್ಣದಪುಡಿಯಲ್ಲಿ ಗೆರೆ ಎಳೆದುಕೊಳ್ಳಿ. ಮನೆಯ ಪೂರ್ವದ ಬದಿಯಲ್ಲಿ ಜಾಗ ಇದ್ದರೆ ಅದೇ ಒಳ್ಳೆಯದು. ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮನೆಯೇ ನೆರಳು ಕೊಡುತ್ತದೆ. ಪಶ್ಚಿಮದ ಗೋಡೆಗೆ ಒತ್ತಿ ಮಾತ್ರ ಕಟ್ಟಬೇಡಿ. ಸಂಜೆವರೆಗೂ ಕಾದ ಗೋಡೆ ರಾತ್ರಿ ಒಂಬತ್ತಾದರೂ ಬಿಸಿ ಉಗುಳುತ್ತಿರುತ್ತದೆ.

ಏಸಿಯ ಹೊರಗಿನ ಯೂನಿಟ್ ಎತ್ತ ಗಾಳಿ ಬಿಡುತ್ತದೆ ಅಂತ ನೋಡಿ, ಪಕ್ಕದ ಮನೆಯದ್ದೂ ಸೇರಿಸಿ. ಆ ಬಿಸಿಗಾಳಿಯ ದಾರಿಯಲ್ಲಿ ಗೂಡು ಇರಬಾರದು. ಕಾಂಪೌಂಡ್ ಗೋಡೆಯಿಂದ ಕನಿಷ್ಠ 2 ಅಡಿ ಬಿಡಿ. ಗಾಳಿಗೂ ಆಯಿತು, ನೀವು ಹಿಂದೆ ಹೋಗಿ ಗುಡಿಸುವುದಕ್ಕೂ ಆಯಿತು.

30-40 ಅಡಿಯ ಸೈಟುಗಳಲ್ಲಿ ಹಿತ್ತಲೇ ಇಲ್ಲ, ತಾರಸಿಯೊಂದೇ ಗತಿ ಅನ್ನುವವರು ಬಹಳ. ನನ್ನ ಅಭಿಪ್ರಾಯ ಕೇಳಿದರೆ ತಾರಸಿ ಕಡೆಯ ಆಯ್ಕೆ. ಕಾಂಕ್ರೀಟು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಬಿಡುತ್ತದೆ. ಅನಿವಾರ್ಯ ಆದರೆ ಗೂಡನ್ನು 2ರಿಂದ 3 ಅಡಿ ಕಾಲುಗಳ ಮೇಲೆ ಎತ್ತಿ, ಕೆಳಗೆ ಗಾಳಿಯಾಡಲು ಬಿಡಿ. ಗೂಡಿನ ಸುತ್ತಲಿನ ನೆಲಕ್ಕೂ ನೆರಳು ಮಾಡಿ. ಬಿರುಗಾಳಿಗೆ ಹಾರದ ಹಾಗೆ ನಾಲ್ಕೂ ಮೂಲೆ ಬಿಗಿಯಿರಿ.

ದಿಕ್ಕು ಮತ್ತು ಅಳತೆ

ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಬೆಳಗ್ಗೆ, ಸಂಜೆ ಓರೆಯಾಗಿ ನುಗ್ಗುವ ಬಿಸಿಲು ಆಗ ಗಿಡ್ಡ ಬದಿಗಳ ಮೇಲೆ ಮಾತ್ರ ಬೀಳುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಅಂದರೆ ಊರು ಅತಿ ಹೆಚ್ಚು ಕಾಯುವ ದಿನಗಳಲ್ಲಿ ಬಿಸಿಲು ಬೀಳುವುದು ಚಾವಣಿಗೆ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಚಾವಣಿಗೇ ಹೋಗಲಿ.

ಆರು ಕೋಳಿಗಳಿಗೆ 6 ಅಡಿ ಅಗಲ, 14 ಅಡಿ ಉದ್ದದ ಚಪ್ಪರ ಸಾಕು. ಪೂರ್ವದ ತುದಿಯ 4 ಅಡಿ ರಾತ್ರಿ ಮಲಗುವ ಕೋಣೆ, ಉಳಿದ 10 ಅಡಿ ಓಡಾಡುವ ಅಂಗಳ. ಲೆಕ್ಕ ಹಾಕಿದರೆ ಒಂದು ಕೋಳಿಗೆ ಒಳಗೆ 4 ಚದರಡಿ, ಹೊರಗೆ 10 ಚದರಡಿ ಬರುತ್ತದೆ. ಇದಕ್ಕಿಂತ ಕಡಿಮೆ ಜಾಗದಲ್ಲೂ ಸಾಕುವವರಿದ್ದಾರೆ. ಆದರೆ ಸೆಕೆಯಲ್ಲಿ ಕೋಳಿಗಳು ಒಂದರಿಂದೊಂದು ದೂರ ಕೂರಬೇಕು, ಒತ್ತೊತ್ತಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ. ಮಲಗುವ ಕೋಣೆ ಪೂರ್ವಕ್ಕೆ ಯಾಕೆ? ಬೆಳಗಿನ ಬಿಸಿಲಿಗೆ ಒಳಗಿನ ಹಾಸು ಒಣಗುತ್ತದೆ. ಪಶ್ಚಿಮದ ಸುಡುಬಿಸಿಲಾಗಲಿ, ಮುಂಗಾರಿನಲ್ಲಿ ನೈಋತ್ಯದಿಂದ ಬರುವ ಎರಚಲಾಗಲಿ ಮೊದಲು ಅಂಗಳಕ್ಕೆ ಬಡಿಯುತ್ತದೆ, ಕೋಣೆಗಲ್ಲ.

ಎತ್ತರದಲ್ಲಿ ಜಿಪುಣತನ ಬೇಡ. ದಕ್ಷಿಣದ ಬದಿ 5 ಅಡಿ, ಉತ್ತರದ ಬದಿ 8 ಅಡಿ. ಚಾವಣಿ ಎತ್ತರ ಇದ್ದಷ್ಟೂ ಅದರ ಝಳ ಕೋಳಿಯ ಬೆನ್ನಿಗೆ ತಟ್ಟುವುದು ಕಡಿಮೆ. ಎತ್ತರದ ಉತ್ತರದ ಬದಿಯಿಂದ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ. ನೀವೂ ಒಳಗೆ ನಿಂತುಕೊಂಡೇ ಗುಡಿಸಬಹುದು. ಬಗ್ಗಿ ಗುಡಿಸಬೇಕಾದ ಗೂಡನ್ನು ಯಾರೂ ಹೆಚ್ಚು ದಿನ ನೀಟಾಗಿ ಇಟ್ಟುಕೊಳ್ಳುವುದಿಲ್ಲ.

ಕಂಬಕ್ಕೆ ಕಬ್ಬಿಣದ ಪೈಪು ಒಳ್ಳೆಯದು. ಸರ್ವೆ ಗಳ ಬಳಸುವುದಾದರೆ ನೇರ ಮಣ್ಣಿಗೆ ಹೂಳಬೇಡಿ, ಗೆದ್ದಲು ಬಿಡುವುದಿಲ್ಲ. ಕಲ್ಲಿನ ಅಥವಾ ಸಿಮೆಂಟಿನ ಪಾದದ ಮೇಲೆ ನಿಲ್ಲಿಸಿ. ದಕ್ಷಿಣದ ಗಿಡ್ಡ ಬದಿಗೆ ಬೇಲಿಗೆ ನೆಡುವ ಕಲ್ಲುಕಂಬ ಸಿಕ್ಕರೆ ಇನ್ನೂ ಚೆನ್ನ.

ಚಾವಣಿ

ನನಗೆ ಇಷ್ಟ ಮಂಗಳೂರು ಹೆಂಚು. ಹೆಂಚು ತಗಡಿನಷ್ಟು ಬೇಗ ಕಾಯುವುದಿಲ್ಲ, ಸಂದುಗಳಲ್ಲಿ ಬಿಸಿಗಾಳಿ ಜಾರಿ ಹೋಗುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳನ್ನು ಕೆಡವುವಾಗ ವಿಚಾರಿಸಿದರೆ ಕಡಿಮೆ ಬೆಲೆಗೆ ಸಿಗುವುದುಂಟು. ಆದರೆ ಹೆಂಚು ಭಾರ, ಕೆಳಗಿನ ಕಟ್ಟು ಗಟ್ಟಿ ಬೇಕು. ಇಳಿಜಾರು ಸಾಲದಿದ್ದರೆ ಮಳೆ ಸೋರುತ್ತದೆ, 6 ಅಡಿ ಅಗಲಕ್ಕೆ 3 ಅಡಿಯಾದರೂ ಇಳಿಜಾರು ಇರಲಿ. ಮೇಲಿನ 5 ಮತ್ತು 8 ಅಡಿಯ ಲೆಕ್ಕ ಅದಕ್ಕೇ. ನಿಮ್ಮ ಏರಿಯಾಗೆ ಕೋತಿಗಳು ಬರುತ್ತವೆಯಾ? ಹಾಗಾದರೆ ಹೆಂಚಿನ ಆಸೆ ಬಿಡಿ.

ಹೆಚ್ಚಿನವರು ಹಾಕಿಸುವುದು ತಗಡಿನ ಶೀಟು. ಅಗ್ಗ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಬರೀ ತಗಡು ಹಾಕಿ ಬಿಡುವುದು ಮಾತ್ರ ಕೋಳಿಗೆ ಮಾಡುವ ಅನ್ಯಾಯ. ತಗಡು ಹಾಕಿದರೆ ಎರಡು ಕೆಲಸ ತಪ್ಪದೆ ಮಾಡಿ.

ಒಂದು, ಮೇಲ್ಭಾಗಕ್ಕೆ ಬಿಳಿ ಬಳಿಯಿರಿ. ಸುಣ್ಣಕ್ಕೆ ಸ್ವಲ್ಪ ಗೋಂದು ಬೆರೆಸಿ ಎರಡು ಕೈ ಹೊಡೆದರೂ ನಡೆಯುತ್ತದೆ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಬಿಸಿಲು ತಡೆಯುವ ಬಿಳಿ ಬಣ್ಣ ಅಂತಲೇ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ, ಅದು ಹೆಚ್ಚು ಕಾಲ ಬಾಳುತ್ತದೆ.

ಎರಡು, ತಗಡಿನ ಮೇಲೆ 6 ಇಂಚು ಎತ್ತರದಲ್ಲಿ ಬಿದಿರಿನ ಚೌಕಟ್ಟು ಕಟ್ಟಿ, ಅದರ ಮೇಲೆ ತೆಂಗಿನ ಗರಿ ಅಥವಾ ನೆರಳು ಬಲೆ ಹಾಸಿ. ಆ 6 ಇಂಚಿನ ಸಂದೇ ಮುಖ್ಯ. ಬಿಸಿಲು ಗರಿಯ ಮೇಲೆ ನಿಲ್ಲುತ್ತದೆ, ನಡುವೆ ಗಾಳಿ ಓಡುತ್ತದೆ, ತಗಡು ಕಾಯುವುದಿಲ್ಲ. ಗರಿಯನ್ನು ತಗಡಿಗೆ ಅಂಟಿಸಿ ಹಾಸಿದರೆ ಅರ್ಧ ಲಾಭವೂ ಇಲ್ಲ, ಮೇಲಾಗಿ ಮಳೆಗೆ ಕೊಳೆಯುತ್ತದೆ. ಕೆಲವರು ತಗಡಿನ ಕೆಳಗೆ ಬಿದಿರು ತಟ್ಟಿ ಬಡಿಯುತ್ತಾರೆ. ತಂಪೇನೋ ಆಗುತ್ತದೆ, ಆದರೆ ಆ ಸಂದಿಯಲ್ಲಿ ಇಲಿ ಸಂಸಾರ ಹೂಡುತ್ತದೆ. ಅದಕ್ಕೇ ನಾನು ಮೇಲಿನ ನೆರಳಿಗೇ ಓಟು ಹಾಕುವುದು.

ಹಳೇ ಆಸ್‌ಬೆಸ್ಟಾಸ್ ಶೀಟು ಪುಕ್ಕಟೆ ಸಿಕ್ಕರೂ ತರಬೇಡಿ. ಕೊರೆದಾಗ, ಮುರಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಚಾವಣಿ ನಾಲ್ಕೂ ಕಡೆ 2 ಅಡಿ ಹೊರಚಾಚಿರಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ನಮ್ಮೂರಲ್ಲಿ ನೆಟ್ಟಗೆ ಬೀಳುವುದಿಲ್ಲ, ಗಾಳಿ, ಆಲಿಕಲ್ಲು ಕಟ್ಟಿಕೊಂಡು ಅಡ್ಡ ಬಡಿಯುತ್ತದೆ. ಮೊಳೆ ಹೊಡೆದು ಸುಮ್ನೆ ಬಿಡಬೇಡಿ, ಶೀಟನ್ನು ಹುಕ್ ಬೋಲ್ಟಿನಿಂದ ಪೈಪಿಗೆ ಬಿಗಿಸಿ.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಬಿಸಿಲಿರುವ ದಿನ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಹೋಗಿ, ಕೋಳಿ ಕೂರುವ ಎತ್ತರದಲ್ಲಿ ಅಂಗೈ ಕೆಳಮುಖ ಮಾಡಿ ಹಿಡಿಯಿರಿ. ಕೈಯ ಮೇಲ್ಭಾಗಕ್ಕೆ ಝಳ ತಟ್ಟಿದರೆ ಮೇಲೆ ಇನ್ನೊಂದು ಪದರ ಗರಿ ಬೇಕು.

ಗೋಡೆ ಅಲ್ಲ, ಜಾಲರಿ

ಮೇಸ್ತ್ರಿಗಳಿಗೆ ಗೋಡೆ ಕಟ್ಟುವುದೇ ಅಭ್ಯಾಸ. “ಮೂರು ಕಡೆ ಹಾಲೋ ಬ್ಲಾಕ್ ಎತ್ತಿಬಿಡ್ತೀನಿ ಸಾರ್, ಗಟ್ಟಿಯಾಗಿರುತ್ತೆ” ಅನ್ನುತ್ತಾರೆ. “ಒಂದೂವರೆ ಅಡಿ ಸಾಕು ಮೇಸ್ತ್ರಿ, ಮೇಲೆಲ್ಲ ಜಾಲರಿ” ಅಂತ ಮೊದಲೇ ಹೇಳಿಬಿಡಿ. ಆ ಒಂದೂವರೆ ಅಡಿ ಗೋಡೆ ನೀರು, ಹೆಗ್ಗಣ ತಡೆಯಲು. ಅದಕ್ಕಿಂತ ಮೇಲೆ ಎದ್ದರೆ ಗಾಳಿ ನಿಲ್ಲುತ್ತದೆ.

ಜಾಲರಿಯಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕೋಳಿ ಜಾಲರಿ ಅಂತ ಮಾರುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇಡುತ್ತದೆ, ಬೀದಿನಾಯಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತನ್ನಿ. ಎಸ್.ಪಿ. ರಸ್ತೆ ಸುತ್ತಮುತ್ತಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ರೋಲ್ ಲೆಕ್ಕದಲ್ಲಿ ಸಿಗುತ್ತದೆ. ಈ ಊರಿನಲ್ಲಿ ಕೋಳಿಯ ಶತ್ರುಗಳು ಒಬ್ಬರಿಬ್ಬರಲ್ಲ. ನಾಯಿ, ಬೆಕ್ಕು, ಮುಂಗುಸಿ, ಹೆಗ್ಗಣ, ಹಾವು, ಮೇಲಿಂದ ಹದ್ದು. ಆದ್ದರಿಂದ ಅಂಗಳದ ಮೇಲ್ಭಾಗಕ್ಕೂ ಜಾಲರಿ ಬೇಕು. ಸುತ್ತ ಒಂದು ಅಡಿ ಆಳಕ್ಕೆ ಜಾಲರಿ ಹೂತು, ತುದಿಯನ್ನು ಹೊರಕ್ಕೆ ಮಡಚಿ. ಹೆಗ್ಗಣ ಅಗೆಯುವುದು ಗೂಡಿನ ಬುಡದಲ್ಲೇ, ಅಲ್ಲಿ ತಂತಿ ಸಿಕ್ಕರೆ ಬಿಟ್ಟುಹೋಗುತ್ತದೆ. ಚಿಲಕ ಎರಡಿರಲಿ, ಮೇಲೊಂದು ಕೆಳಗೊಂದು.

ಹಾವು ಕಂಡರೆ ಹೊಡೆಯಲು ಹೋಗಬೇಡಿ, ಹಾವು ಹಿಡಿಯುವವರನ್ನು ಕರೆಸಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗಾಗಿ ಹಾವು ಬರುತ್ತದೆ. ರಾತ್ರಿ ಮೇವಿನ ತಟ್ಟೆ ಎತ್ತಿಟ್ಟರೆ ಎರಡೂ ಕಡಿಮೆಯಾಗುತ್ತವೆ.

ಪಶ್ಚಿಮದ ತುದಿಗೆ ಬಳ್ಳಿ ಹಬ್ಬಿಸಿ. ತೊಂಡೆ, ಸೀಮೆಬದನೆ, ಫ್ಯಾಶನ್ ಫ್ರೂಟ್ ಯಾವುದಾದರೂ ಸರಿ. ಬುಡಕ್ಕೆ ಕಲ್ಲು ಕಟ್ಟಿ, ಇಲ್ಲದಿದ್ದರೆ ಕೋಳಿಗಳೇ ಕೆದಕಿ ಹಾಕುತ್ತವೆ. ಪಕ್ಕದಲ್ಲಿ ಒಂದು ನುಗ್ಗೆ ನೆಟ್ಟರೆ ಬೇಗ ಎದ್ದು ನೆರಳು ಕೊಡುತ್ತದೆ, ಸೊಪ್ಪು ಕೋಳಿಗೂ ಆಯಿತು ಸಾರಿಗೂ ಆಯಿತು.

ಡಿಸೆಂಬರ್, ಜನವರಿಯ ಚಳಿಗೆ ಅಷ್ಟೇನೂ ಮಾಡಬೇಕಿಲ್ಲ. ಬೆಳೆದ ಕೋಳಿ ನಮ್ಮೂರ ಚಳಿ ತಡೆಯುತ್ತದೆ. ಮಲಗುವ ಕಡೆ ನೇರ ಗಾಳಿ ಬಡಿಯದ ಹಾಗೆ ಒಂದು ಗೋಣಿಪರದೆ ಇಳಿಬಿಡಿ, ಚಾವಣಿಯ ಕೆಳಗಿನ ಒಂದಡಿ ಜಾಲರಿಯನ್ನು ಮಾತ್ರ ಯಾವ ಕಾಲಕ್ಕೂ ಮುಚ್ಚಬೇಡಿ.

ನೆಲ, ಕೋಲು, ಮೊಟ್ಟೆ ಪೆಟ್ಟಿಗೆ

ಮಲಗುವ ಕೋಣೆಯ ನೆಲ ಹೊರಗಿಗಿಂತ ಅರ್ಧ ಅಡಿ ಎತ್ತರ ಇರಲಿ. ಮೇಲೆ ಭತ್ತದ ಹೊಟ್ಟು ಹಾಸಿ. ಬೇಸಿಗೆಯಲ್ಲಿ 2 ಇಂಚು ಸಾಕು, ದಪ್ಪ ಹಾಸು ತಾನೇ ಬಿಸಿಯಾಗುತ್ತದೆ. ವಾರಕ್ಕೆ ಎರಡು ಸಲ ಕೈಯಾಡಿಸಿ ತಿರುವಿ. ಒಂದು ಹಿಡಿ ತೆಗೆದು ಮುಷ್ಟಿ ಹಿಡಿದು ಬಿಡಿ: ಉದುರಿದರೆ ಸರಿ, ಉಂಡೆ ಕಟ್ಟಿದರೆ ತೇವ ಜಾಸ್ತಿ, ಬದಲಿಸಿ. ಮೂಗಿಗೆ ಘಾಟು ಬಂತು ಅಂದರೆ ಆಗಲೇ ತಡವಾಗಿದೆ. ಮಳೆಗಾಲದಲ್ಲಿ ಒದ್ದೆ ಹಾಸಿನಿಂದಲೇ ಮರಿಗಳಿಗೆ ರಕ್ತಭೇದಿ ತಗಲುವುದು.

ಅಂಗಳಕ್ಕೆ ಸಿಮೆಂಟ್ ಬೇಡವೇ ಬೇಡ. ಸೆಕೆಯಾದಾಗ ಕೋಳಿ ಮಾಡುವ ಮೊದಲ ಕೆಲಸ ನೆರಳಿನಲ್ಲಿ ಮಣ್ಣು ಕೆದಕಿ, ಕೆಳಗಿನ ತಂಪು ಮಣ್ಣಿಗೆ ಹೊಟ್ಟೆ ಒತ್ತಿ ಮಲಗುವುದು. ಆ ದಾರಿಯನ್ನು ನಾವು ಮುಚ್ಚಬಾರದು. ಈಗಾಗಲೇ ಟೈಲ್ಸ್ ಹಾಕಿದ್ದರೆ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಅರ್ಧ ಅಡಿ ಮಣ್ಣು, ಮರಳು ತುಂಬಿಸಿ. ಸ್ವಲ್ಪ ಒಲೆಬೂದಿ ಬೆರೆಸಿದರೆ ಹೇನಿನ ಕಾಟವೂ ತಗ್ಗುತ್ತದೆ.

ಕೂರುವ ಕೋಲು 2 ಇಂಚು ದಪ್ಪದ ಮರದ್ದಿರಲಿ, ಕಬ್ಬಿಣದ್ದು ಬೇಡ. ಒಂದು ಕೋಳಿಗೆ 9 ಇಂಚಿನಂತೆ ಆರಕ್ಕೆ ನಾಲ್ಕೂವರೆ ಅಡಿ ಬೇಕು. ಕೋಣೆಯ 6 ಅಡಿ ಅಗಲಕ್ಕೆ ಒಂದು ಕೋಲು ಅಡ್ಡ ಕಟ್ಟಿದರೆ ಸೆಕೆಯ ರಾತ್ರಿ ದೂರ ದೂರ ಕೂರಲೂ ಜಾಗ ಉಳಿಯುತ್ತದೆ. ಎತ್ತರ 2 ಅಡಿ ಸಾಕು. ಗಿರಿರಾಜದಂಥ ಭಾರದ ತಳಿ ಎತ್ತರದಿಂದ ಹಾರಿದರೆ ಪಾದ ಊದಿಕೊಳ್ಳುತ್ತದೆ.

ಮೊಟ್ಟೆಗೆ ಒಂದಡಿ ಉದ್ದ, ಅಗಲ, ಎತ್ತರದ ಎರಡು ಪೆಟ್ಟಿಗೆ. ಹಿಂಬದಿಗೆ ಹಲಗೆಯ ಬದಲು ಜಾಲರಿ ಹೊಡೆಯಿರಿ. ಮೊಟ್ಟೆ ಇಡಲು ಹೇಂಟೆ ಬಿಸಿಲಿನ ಹೊತ್ತಿನಲ್ಲೂ ಅಲ್ಲಿ ಕೂರುತ್ತದೆ, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಬಳಲುತ್ತದೆ.

ನೀರು ಮತ್ತು ಮಧ್ಯಾಹ್ನದ ನಾಲ್ಕು ಗಂಟೆ

ಒಂದು ಕೋಳಿ ಮಾಮೂಲಿ ದಿನ ಕಾಲು ಲೀಟರ್ ನೀರು ಕುಡಿದರೆ ಬೇಸಿಗೆಯಲ್ಲಿ ಅದರ ಎರಡರಷ್ಟು ಬೇಕಾಗುತ್ತದೆ. ಬಿಸಿನೀರನ್ನು ಅದು ಮುಟ್ಟುವುದಿಲ್ಲ. ತಾರಸಿ ಟ್ಯಾಂಕಿನಿಂದ ಬರುವ ನೀರು ಮಧ್ಯಾಹ್ನ ನಮ್ಮ ಕೈಗೇ ಸುಡುತ್ತದೆ, ಅಲ್ವಾ? ಅದನ್ನು ನೇರ ಪೈಪಿನಲ್ಲಿ ಕೊಡಬೇಡಿ. ಬೆಳಗ್ಗೆಯೇ ಮಣ್ಣಿನ ಅಗಲ ಪಾತ್ರೆಗಳಿಗೆ ತುಂಬಿ, ನೆರಳಿನಲ್ಲಿ ಎರಡು ಕಡೆ ಇಡಿ. ಒಂದೇ ಕಡೆ ಇಟ್ಟರೆ ಜೋರಿನ ಕೋಳಿ ಉಳಿದವನ್ನು ಹತ್ತಿರ ಬಿಡುವುದಿಲ್ಲ.

ಮೇವನ್ನು ಬೆಳಗ್ಗೆ ಎಂಟರೊಳಗೆ ಒಮ್ಮೆ, ಸಂಜೆ ನಾಲ್ಕೂವರೆಯ ಮೇಲೆ ಒಮ್ಮೆ ಹಾಕಿ. ತಿಂದದ್ದು ಅರಗುವಾಗಲೂ ಮೈ ಬಿಸಿಯಾಗುತ್ತದೆ. ನೆತ್ತಿ ಸುಡುವ ಹೊತ್ತಿನಲ್ಲಿ ಆ ಬಿಸಿ ಬೇಡ.

ಮಾರ್ಚ್, ಏಪ್ರಿಲ್‌ನಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಪಶ್ಚಿಮದ ಜಾಲರಿಗೆ ಒದ್ದೆ ಗೋಣಿಚೀಲ ತೂಗುಹಾಕಿ. ತಳಕ್ಕೆ ತೂತು ಮಾಡಿದ ನೀರಿನ ಬಾಟಲಿಯನ್ನು ಮೇಲೆ ಕಟ್ಟಿದರೆ ಹನಿಹನಿಯಾಗಿ ನೆನೆಯುತ್ತಿರುತ್ತದೆ, ನೀವು ಆಫೀಸಿಗೆ ಹೋದರೂ ಚಿಂತೆಯಿಲ್ಲ. ಒಂದು ಅಗಲ ತಟ್ಟೆಯಲ್ಲಿ ಒಂದು ಇಂಚು ನೀರು ಬಿಡಿ, ಕೋಳಿಗಳು ಬಂದು ಕಾಲು ನೆನೆಸಿಕೊಂಡು ನಿಲ್ಲುತ್ತವೆ. ಮಳೆ ಹಿಡಿದು ಗಾಳಿ ತೇವವಾದ ಮೇಲೆ ಗೋಣಿಚೀಲ ತೆಗೆದುಬಿಡಿ, ಆಗ ಅದು ತಂಪಿನ ಬದಲು ಸೆಕೆ ಕೂಡಿಸುತ್ತದೆ. ಫ್ಯಾನ್ ಇಟ್ಟರೆ ಒಳ್ಳೆಯದೇ, ಆದರೆ ಫ್ಯಾನ್ ನಂಬಿ ಗೂಡು ಕಟ್ಟಬೇಡಿ. ಗಾಳಿಮಳೆಗೆ ಮೊದಲು ಹೋಗುವುದೇ ಕರೆಂಟು.

ಕೋಳಿ ಕುಸಿದು ಕೂತು, ಜುಟ್ಟು ಬಿಳಚಿಕೊಂಡು, ಎಬ್ಬಿಸಿದರೂ ಏಳದಿದ್ದರೆ ತಡಮಾಡಬೇಡಿ. ನೆರಳಿಗೆ ತಂದು ಕಾಲುಗಳನ್ನು ತಣ್ಣೀರಿನಲ್ಲಿ ಅದ್ದಿ, ಜುಟ್ಟಿಗೆ ಒದ್ದೆ ಬಟ್ಟೆ ಸವರಿ, ಗಾಳಿ ಹಾಕಿ. ಐಸ್ ನೀರು ಸುರಿಯಬೇಡಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಅಕ್ಕಪಕ್ಕದವರು, ತಳಿ, ಮೊದಲ ದಿನಗಳು

ಕಟ್ಟುವ ಮೊದಲು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ವಾರ್ಡಿನ ಪಾಲಿಕೆ ಕಚೇರಿಯಲ್ಲೂ ವಿಚಾರಿಸಿ, ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ತಗೊಳ್ಳಿ. ಮೊಟ್ಟೆಗೆ ಹುಂಜ ಬೇಕಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕೂಗುವ ಹುಂಜ ಇಲ್ಲದಿದ್ದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ತಳಿಯ ವಿಷಯದಲ್ಲಿ ನಾಟಿ ಕೋಳಿ, ಅದರಲ್ಲೂ ಬೋಳು ಕತ್ತಿನದು ಸೆಕೆಗೆ ಗಟ್ಟಿ. ಪುಕ್ಕವಿಲ್ಲದ ಕತ್ತಿನಿಂದ ಬಿಸಿ ಸಲೀಸಾಗಿ ಹೊರಹೋಗುತ್ತದೆ. ಗಿರಿರಾಜ, ಸ್ವರ್ಣಧಾರಾ ಎರಡೂ ನಮ್ಮ ಹೆಬ್ಬಾಳದಲ್ಲೇ ಅಭಿವೃದ್ಧಿಯಾದ ತಳಿಗಳು. 2005ರಲ್ಲಿ ಬಂದ ಸ್ವರ್ಣಧಾರಾ ಗಿರಿರಾಜಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು, ಹಿತ್ತಲಿಗೆ ನನ್ನ ಆಯ್ಕೆ ಅದೇ. ಬ್ರಾಯ್ಲರ್ ಮರಿ ತಂದು ಬೇಸಿಗೆಯಲ್ಲಿ ಸಾಕುವ ಯೋಚನೆ ಬೇಡ, ಮೊದಲು ಸಾಯುವುದು ಅವೇ.

ಗೂಡಿನ ಕೆಲಸವನ್ನು ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಶುರುಮಾಡಿ. ಬಳ್ಳಿಯನ್ನು ಮಾತ್ರ ಅದಕ್ಕೂ ಮೊದಲೇ, ಜುಲೈ ಸುಮಾರಿಗೆ ನೆಟ್ಟರೆ ಮಾರ್ಚ್ ಹೊತ್ತಿಗೆ ಹಬ್ಬಿರುತ್ತದೆ. ಎಂಟು–ಹತ್ತು ವಾರ ತುಂಬಿದ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿರುವ ಕೋಳಿಗಳನ್ನೇ ತನ್ನಿ. ಮುಂದಿನ ಲಸಿಕೆ ಯಾವಾಗ ಅಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ಬರೆಸಿಕೊಳ್ಳಿ. ತಂದ ಮೂರು–ನಾಲ್ಕು ದಿನ ಮಲಗುವ ಕೋಣೆಯಲ್ಲೇ ನೀರು, ಮೇವು ಕೊಟ್ಟು ಕೂಡಿಡಿ. ಆಮೇಲೆ ಅಂಗಳಕ್ಕೆ ಬಿಟ್ಟರೆ ಕತ್ತಲಾಗುತ್ತಿದ್ದ ಹಾಗೆ ತಾವೇ ಒಳಗೆ ಬಂದು ಕೋಲು ಹತ್ತುತ್ತವೆ. ಹತ್ತದಿದ್ದವನ್ನು ಎತ್ತಿ ಕೋಲಿನ ಮೇಲೆ ಕೂರಿಸಿ, ಎರಡೂ ಚಿಲಕ ಹಾಕಿ.